ಜನ ಕಡಿಮೆ ಹೋಗುವ ದೇಶಕ್ಕೆ ಟೂರ್: ಆರಿಸುವುದು ನಾವೋ, ವೀಸಾ ಮತ್ತು ವಿಮಾನವೋ?

ಬಾಕು ಎಂಬ ಊರು ಎಲ್ಲಿದೆ ಎಂದು ಕೇಳಿದರೆ ಕೆಲವೇ ವರ್ಷಗಳ ಹಿಂದೆ ನಮ್ಮಲ್ಲಿ ಹೆಚ್ಚಿನವರು ಮೊಬೈಲ್ ತೆಗೆದು ಹುಡುಕಬೇಕಿತ್ತು. 2024ರಲ್ಲಿ ಅದೇ ಬಾಕು ರಾಜಧಾನಿಯಾಗಿರುವ ಅಜರ್‌ಬೈಜಾನ್‌ಗೆ 2.43 ಲಕ್ಷ ಭಾರತೀಯರು ಹೋಗಿಬಂದರು. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂದೂರದ ಬೆನ್ನಲ್ಲೇ, ಆ ದೇಶದ ಹೆಸರು ಎತ್ತಿದರೆ ಮನೆಯವರೇ ಮುಖ ಸಿಂಡರಿಸುವ ಹಾಗಾಯಿತು. ಪಾಕಿಸ್ತಾನದ ಪರ ನಿಂತ ಟರ್ಕಿ ಮತ್ತು ಅಜರ್‌ಬೈಜಾನ್‌ಗೆ ಹೋಗುವುದು ಬೇಡ ಎಂಬ ಕರೆ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಹರಿದಾಡಿತು. ಒಂದೇ ವಾರದಲ್ಲಿ ಈ ಎರಡು ದೇಶಗಳ ಬುಕಿಂಗ್ ಶೇ.60ರಷ್ಟು ಇಳಿದಿದೆ, ರದ್ದತಿ ಶೇ.250ರಷ್ಟು ಏರಿದೆ ಎಂದು ಮೇಕ್‌ಮೈಟ್ರಿಪ್ ಹೇಳಿತು. ಇಕ್ಸಿಗೋದಂಥ ಕಂಪನಿಗಳು ಬುಕಿಂಗನ್ನೇ ನಿಲ್ಲಿಸಿದವು.

ಅಪರಿಚಿತ ದೇಶವೊಂದು ಎರಡೇ ವರ್ಷದಲ್ಲಿ ನೆಚ್ಚಿನ ತಾಣವಾಗಿ, ಎರಡೇ ವಾರದಲ್ಲಿ ಬೇಡದ ತಾಣವಾದ ಕಥೆ ಇದು. ಥಾಯ್ಲೆಂಡ್, ದುಬೈ, ಸಿಂಗಪುರ ಸಾಕು, ಈ ಸಲ ಯಾರೂ ಹೋಗದ ದೇಶಕ್ಕೆ ಹೋಗೋಣ ಎಂದು ಯೋಚಿಸುವ ಪ್ರತಿ ಮನೆಯೂ ಈ ಕಥೆಯನ್ನು ಒಮ್ಮೆ ನಿಧಾನವಾಗಿ ಓದಬೇಕು. ಯಾಕೆಂದರೆ ಬೇಸಿಗೆ ರಜೆಯ ಬುಕಿಂಗ್ ಶುರುವಾಗುವ ಹೊತ್ತಿಗೆ ಇಂಥದ್ದೇ ಇನ್ನೊಂದು ಹೆಸರು ನಿಮ್ಮ ಫೋನಿನ ಪರದೆಯ ಮೇಲೆ ಬಂದಿರುತ್ತದೆ.

ಯಾರಿಗೆ ಅಪರಿಚಿತ?

'ಜನಪ್ರಿಯವಲ್ಲದ ದೇಶ' ಎನ್ನುವ ಮಾತೇ ಸ್ವಲ್ಪ ಮೋಸದ್ದು. ಕಜಕಸ್ತಾನದ ಅಲ್ಮಾಟಿ ನಮಗೆ ಹೊಸದು, ರಷ್ಯನ್ನರಿಗಲ್ಲ. ಜಾರ್ಜಿಯಾದ ಬಟುಮಿ ಕಡಲತೀರ ನಮಗೆ ಗೊತ್ತಿಲ್ಲದಿರಬಹುದು, ಟರ್ಕಿಯವರಿಗೂ ಇಸ್ರೇಲಿನವರಿಗೂ ಅದು ನೆರೆಮನೆ ಇದ್ದಂತೆ. ಹಾಗಾಗಿ ನಾವು ಹೇಳುವ 'ಯಾರೂ ಹೋಗದ ದೇಶ' ಎಂದರೆ ನಿಜಕ್ಕೂ 'ನಮ್ಮವರು ಇನ್ನೂ ಹೋಗದ ದೇಶ'.

ನಮ್ಮವರು ಎಷ್ಟು ಜನ, ಎಲ್ಲಿಗೆ ಹೋಗುತ್ತಾರೆ? 2024ರಲ್ಲಿ ಭಾರತದಿಂದ ಹೊರದೇಶಕ್ಕೆ ಹೊರಟವರ ಲೆಕ್ಕ 3.09 ಕೋಟಿ. ಕೋವಿಡ್‌ಗೆ ಮೊದಲು, 2019ರಲ್ಲಿ, ಇದು 2.69 ಕೋಟಿ ಇತ್ತು. ಇವರೆಲ್ಲ ರಜೆಗೆ ಹೊರಟವರಲ್ಲ. ಕೆಲಸಕ್ಕೆ, ಓದಿಗೆ, ಮಗಳ ಬಾಣಂತನಕ್ಕೆ, ಹಜ್‌ಗೆ ಹೋದವರೂ ಸೇರಿದ್ದಾರೆ. ಯುಎಇ, ಸೌದಿ ಅರೇಬಿಯಾ, ಥಾಯ್ಲೆಂಡ್, ಅಮೆರಿಕ, ಸಿಂಗಪುರ ಪಟ್ಟಿಯ ಮೇಲ್ಭಾಗದಲ್ಲಿವೆ. ಥಾಯ್ಲೆಂಡ್ ಒಂದಕ್ಕೇ 2024ರಲ್ಲಿ 21 ಲಕ್ಷ ಭಾರತೀಯರು ಹೋಗಿದ್ದರು. ಪಟ್ಟಾಯದಲ್ಲಿ ನಡೆದರೆ ಹಿಂದೆ ಯಾರೋ ಕನ್ನಡ ಮಾತಾಡುವುದು ಕೇಳಿಸುತ್ತದೆ ಎಂದು ಹೋಗಿಬಂದವರು ಹೇಳುವುದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಯುರೋಪ್‌ಗೆ ಹೋಗೋಣ ಎಂದರೆ ಬೇರೆಯೇ ಪಾಡು. 2024ರಲ್ಲಿ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಿದ ಭಾರತೀಯರು 11.08 ಲಕ್ಷ. ತಿರಸ್ಕಾರವಾದದ್ದು 1.65 ಲಕ್ಷ, ಅಂದರೆ ನೂರಕ್ಕೆ 15. ಆ ವರ್ಷದ ಜೂನ್‌ನಲ್ಲಿ ಶುಲ್ಕ 80 ಯೂರೋದಿಂದ 90 ಯೂರೋಗೆ ಏರಿತು. ಅರ್ಜಿ ತಿರಸ್ಕಾರವಾದರೆ ಆ ಹಣ ವಾಪಸ್ ಇಲ್ಲ. ಹೀಗೆ ಆ ವರ್ಷ ಭಾರತೀಯರು ಕಳೆದುಕೊಂಡದ್ದು ಸುಮಾರು 136 ಕೋಟಿ ರೂಪಾಯಿ ಎಂಬ ಅಂದಾಜು ಆಗ ಸುದ್ದಿಯಾಗಿತ್ತು. ಪುಣೆಯಲ್ಲಿ ಕೂತ ಒಂದು ಮಧ್ಯಮ ವರ್ಗದ ಮನೆಗೆ ಇದರ ಅರ್ಥ ಸರಳ. ನಾಲ್ಕು ಜನರ ಅರ್ಜಿಗೆ ಮೂವತ್ತೈದು ಸಾವಿರದ ಮೇಲೆ ಕೊಟ್ಟು, ಬೆರಳಚ್ಚಿಗೆ ರಜೆ ಹಾಕಿ ಮುಂಬೈವರೆಗೆ ಓಡಾಡಿ, ಕೊನೆಗೆ 'ನೀವು ವಾಪಸ್ ಬರುತ್ತೀರಿ ಎಂಬ ನಂಬಿಕೆ ನಮಗಿಲ್ಲ' ಎಂಬ ಒಕ್ಕಣೆಯ ಕಾಗದ ಕೈಗೆ ಬರಬಹುದು.

ಅಜರ್‌ಬೈಜಾನ್, ಜಾರ್ಜಿಯಾ, ಅರ್ಮೇನಿಯಾ, ಉಜ್ಬೇಕಿಸ್ತಾನ, ಕಜಕಸ್ತಾನಗಳು ನಮ್ಮ ಕಣ್ಣಿಗೆ ಬಿದ್ದದ್ದು ಈ ಸಂಧಿಯಲ್ಲಿ. ಹಳೇ ಯುರೋಪಿನಂಥ ಕಲ್ಲುಹಾಸಿನ ಬೀದಿ, ಹಿಮದ ಬೆಟ್ಟ, ಕೈಗೆಟಕುವ ಬೆಲೆ. ರೀಲ್ಸ್‌ಗೆ ಇನ್ನೇನು ಬೇಕು?

ಇಂಡಿಗೋ ಹಾರಿದ ಕಡೆ ಜನ ಹಾರಿದರು

ಆದರೆ ರೀಲ್ಸ್ ಬರುವುದಕ್ಕೆ ಮೊದಲು ವಿಮಾನ ಬಂತು. 2023ರ ಆಗಸ್ಟ್‌ನಲ್ಲಿ ಇಂಡಿಗೋ ದೆಹಲಿಯಿಂದ ಜಾರ್ಜಿಯಾದ ಟಿಬಿಲಿಸಿಗೆ, ಅದರ ಬೆನ್ನಿಗೇ ಬಾಕುಗೆ ನೇರ ವಿಮಾನ ಶುರು ಮಾಡಿತು. ಸೆಪ್ಟೆಂಬರ್‌ನಲ್ಲಿ ತಾಷ್ಕೆಂಟ್ ಮತ್ತು ಅಲ್ಮಾಟಿ ಸೇರಿದವು. ಒಂದು ವರ್ಷ ಮೊದಲೇ, 2022ರ ಜುಲೈನಲ್ಲಿ, ಕಜಕಸ್ತಾನ ಭಾರತೀಯರಿಗೆ 14 ದಿನಗಳ ವೀಸಾ ವಿನಾಯಿತಿ ಕೊಟ್ಟಿತ್ತು. ಉಜ್ಬೇಕಿಸ್ತಾನ 20 ಡಾಲರ್‌ಗೆ ಮನೆಯಲ್ಲೇ ಕೂತು ಪಡೆಯುವ ಇ-ವೀಸಾ ಇಟ್ಟಿತ್ತು. ನೇರ ವಿಮಾನ, ಸುಲಭದ ವೀಸಾ, ಇವೆರಡೂ ಸೇರಿದ ಕಡೆಗೆ ಟೂರ್ ಕಂಪನಿಗಳು ಪ್ಯಾಕೇಜ್ ಕಟ್ಟುತ್ತವೆ. ಪ್ಯಾಕೇಜ್ ಬಂದ ಮೇಲೆ ವಿಡಿಯೋ ಬರುತ್ತದೆ. ವಿಡಿಯೋ ನೋಡಿದ ನಾವು 'ನಾನೇ ಹುಡುಕಿದೆ' ಎಂದುಕೊಳ್ಳುತ್ತೇವೆ.

ಸುಂದರವಾದ ದೇಶಗಳಿಗೇನೂ ಬರವಿಲ್ಲ. ತಜಕಿಸ್ತಾನದ ಪಾಮಿರ್ ಬೆಟ್ಟಗಳು ಅಲ್ಮಾಟಿಯ ಬೆಟ್ಟಗಳಿಗಿಂತ ಯಾವುದರಲ್ಲೂ ಕಡಿಮೆಯಲ್ಲ. ನೇರ ವಿಮಾನದ ಅನುಕೂಲ ಅಷ್ಟಾಗಿ ಇಲ್ಲದ ಕಾರಣಕ್ಕೆ ನಮ್ಮ ಟೂರ್ ಬ್ರೋಷರ್‌ಗಳಲ್ಲಿ ಅದಕ್ಕೆ ಜಾಗವಿಲ್ಲ, ಅಷ್ಟೇ.

ವಿಮಾನ ತಂದದ್ದನ್ನು ಆಕಾಶ ಕಸಿದುಕೊಳ್ಳಲೂಬಹುದು. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನ ಸಂಸ್ಥೆಗಳಿಗೆ ಮುಚ್ಚಿತು. ನಕ್ಷೆ ತೆರೆದು ನೋಡಿ. ದೆಹಲಿಯಿಂದ ತಾಷ್ಕೆಂಟ್ ನಾಲ್ಕು ಗಂಟೆಯೊಳಗಿನ ದಾರಿ, ಆದರೆ ನಡುವೆ ಪಾಕಿಸ್ತಾನ. ಸುತ್ತುಹಾಕಿ ಹೋದರೆ ಇಂಡಿಗೋದ ಸಣ್ಣ ವಿಮಾನಗಳ ವ್ಯಾಪ್ತಿಗೆ ಆ ಊರುಗಳು ಸಿಗುವುದಿಲ್ಲ. ನಾಲ್ಕೇ ದಿನದಲ್ಲಿ ಅಲ್ಮಾಟಿ, ತಾಷ್ಕೆಂಟ್ ಸೇವೆಗಳನ್ನು ಕಂಪನಿ ನಿಲ್ಲಿಸಿತು. ಮೇ ತಿಂಗಳ ರಜೆಗೆ ಟಿಕೆಟ್ ಮಾಡಿಸಿ, ಸಮರ್ಕಂದದಲ್ಲಿ ಹೋಟೆಲ್‌ಗೆ ಹಣ ಕಟ್ಟಿದ್ದವರ ಸ್ಥಿತಿ ಊಹಿಸಿ. ಟಿಕೆಟ್ ಹಣವನ್ನು ವಿಮಾನ ಸಂಸ್ಥೆ ಮರಳಿಸುತ್ತದೆ. ಹೋಟೆಲ್‌ನವನಿಗೆ ಪಾಕಿಸ್ತಾನದ ವಾಯುಪ್ರದೇಶದ ಉಸಾಬರಿ ಯಾಕೆ?

ಪಾಕಿಸ್ತಾನದ ನಿರ್ಬಂಧ ಇದ್ದದ್ದು ಭಾರತೀಯ ಸಂಸ್ಥೆಗಳಿಗೆ ಮಾತ್ರ ಎಂಬುದನ್ನು ಇಲ್ಲಿ ಗಮನಿಸಬೇಕು. ಆ ದೇಶಗಳದ್ದೇ ಆದ ಉಜ್ಬೇಕಿಸ್ತಾನ್ ಏರ್‌ವೇಸ್, ಏರ್ ಅಸ್ತಾನಾ ವಿಮಾನಗಳಿಗೆ ಅದು ಅನ್ವಯಿಸಲಿಲ್ಲ. ಹೀಗಾಗಿ ಇಂಥ ದೇಶಕ್ಕೆ ಹೊರಡುವವರು ಟಿಕೆಟ್ ದರ ನೋಡುವುದರ ಜೊತೆಗೆ ವಿಮಾನ ಯಾವ ದೇಶದ್ದು, ಯಾವ ದಾರಿಯಲ್ಲಿ ಹೋಗುತ್ತದೆ ಎಂದೂ ನೋಡಬೇಕಾದ ಕಾಲ ಬಂದಿದೆ. ಕೊಲ್ಲಿ ದೇಶಗಳ ಮೂಲಕ ಹೋಗುವುದೂ ಗ್ಯಾರಂಟಿಯಲ್ಲ. 2025ರ ಜೂನ್ 23ರಂದು ಇರಾನ್‌ನ ಕ್ಷಿಪಣಿ ದಾಳಿಯ ಹೊತ್ತಿಗೆ ಕತಾರ್ ತನ್ನ ವಾಯುಪ್ರದೇಶವನ್ನೇ ಕೆಲ ಗಂಟೆ ಮುಚ್ಚಿದ್ದನ್ನು ನೆನಪಿಸಿಕೊಳ್ಳಿ.

ಚೆನ್ನೈ, ಹೈದರಾಬಾದ್, ಪುಣೆಯ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಈ ನೇರ ವಿಮಾನಗಳಲ್ಲಿ ಹೆಚ್ಚಿನವು ದೆಹಲಿಯಿಂದ. 'ಕೇವಲ ನಾಲ್ಕು ಗಂಟೆ' ಎಂಬ ಜಾಹೀರಾತು ದೆಹಲಿಯವನಿಗೆ ನಿಜ, ನಮಗಲ್ಲ. ದೆಹಲಿವರೆಗಿನ ಟಿಕೆಟನ್ನು ಬೇರೆಯಾಗಿ, ಅಗ್ಗ ಸಿಕ್ಕಿತೆಂದು ಬೇರೆ ಕಂಪನಿಯಲ್ಲಿ ಮಾಡಿಸಿ, ಆ ವಿಮಾನ ಎರಡು ಗಂಟೆ ತಡವಾದರೆ ಮುಂದಿನ ಅಂತಾರಾಷ್ಟ್ರೀಯ ಟಿಕೆಟ್ ಹೋಯಿತು ಎಂದೇ ಲೆಕ್ಕ. ಒಂದೇ ಪಿಎನ್‌ಆರ್‌ನಲ್ಲಿ ಇದ್ದರೆ ಜವಾಬ್ದಾರಿ ಕಂಪನಿಯದ್ದು, ಎರಡು ಪಿಎನ್‌ಆರ್ ಆದರೆ ನಿಮ್ಮದು. ಐದು ಸಾವಿರ ಉಳಿಸಲು ಹೋಗಿ ಐವತ್ತು ಸಾವಿರ ಕಳೆಯುವ ದಾರಿ ಇದು.

ವೀಸಾ ಬೇಡ ಎಂದರೆ ಒಳಗೆ ಬಿಡುತ್ತಾರೆ ಎಂದಲ್ಲ

'ಭಾರತೀಯರಿಗೆ ವೀಸಾ ಬೇಡದ ದೇಶಗಳು' ಎಂಬ ಪಟ್ಟಿಗೆ ಯಾವ ಸುದ್ದಿತಾಣದಲ್ಲೂ ಓದುಗರು ಕಡಿಮೆಯಿಲ್ಲ. ಹೆನ್ಲಿ ಪಾಸ್‌ಪೋರ್ಟ್ ಸೂಚ್ಯಂಕದಲ್ಲಿ 2025ರ ಜನವರಿಯಲ್ಲಿ 85ರಲ್ಲಿದ್ದ ನಮ್ಮ ಸ್ಥಾನ ಜುಲೈನಲ್ಲಿ 77ಕ್ಕೆ ಏರಿದಾಗ ಸಂಭ್ರಮದ ಸುದ್ದಿಗಳು ಬಂದವು. ಅಕ್ಟೋಬರ್‌ನಲ್ಲಿ ಮತ್ತೆ 85ಕ್ಕೆ ಇಳಿಯಿತು. ಅಷ್ಟು ಸಂಭ್ರಮ ಈ ಸಲ ಇರಲಿಲ್ಲ.

ಪಟ್ಟಿ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಸರ್ಬಿಯಾ ಒಳ್ಳೆಯ ಉದಾಹರಣೆ. 2017ರಿಂದ ಭಾರತೀಯರಿಗೆ 30 ದಿನ ವೀಸಾ ಬೇಡ ಎಂದಿದ್ದ ದೇಶ ಅದು. ಯುರೋಪಿನ ನಡುವೆ ವೀಸಾ ಇಲ್ಲದೆ ಹೋಗಬಹುದಾದ ಜಾಗ ಎಂದು ಬೆಲ್‌ಗ್ರೇಡ್‌ಗೆ ನಮ್ಮವರು ಹೋಗತೊಡಗಿದರು. ಅಲ್ಲಿಂದ ಕೆಲವರು ಐರೋಪ್ಯ ಒಕ್ಕೂಟದೊಳಗೆ ನುಸುಳತೊಡಗಿದಾಗ ಬ್ರಸೆಲ್ಸ್ ಒತ್ತಡ ಹಾಕಿತು. 2023ರ ಜನವರಿ 1ರಿಂದ ವಿನಾಯಿತಿ ರದ್ದು. ಇರಾನ್ ಕಥೆ ಇನ್ನೂ ಗಂಭೀರ. 2024ರ ಫೆಬ್ರುವರಿಯಲ್ಲಿ ಅದು ಭಾರತೀಯ ಪ್ರವಾಸಿಗರಿಗೆ 15 ದಿನ ವೀಸಾ ವಿನಾಯಿತಿ ಕೊಟ್ಟಿತು. ಕೆಲಸದ ಆಸೆ ತೋರಿಸಿ, ಬೇರೆ ದೇಶಕ್ಕೆ ದಾಟಿಸುತ್ತೇವೆ ಎಂದು ನಂಬಿಸಿ ಕರೆದೊಯ್ದವರನ್ನು ಅಲ್ಲಿ ಅಪಹರಿಸಿ ಹಣಕ್ಕೆ ಬೇಡಿಕೆ ಇಟ್ಟ ಪ್ರಕರಣಗಳು ನಡೆದವು. 2025ರ ನವೆಂಬರ್ 22ರಿಂದ ಸಾಮಾನ್ಯ ಪಾಸ್‌ಪೋರ್ಟ್ ಉಳ್ಳ ಭಾರತೀಯರಿಗೆ ಆ ವಿನಾಯಿತಿ ಇಲ್ಲ. ನಮ್ಮ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಪ್ರಕಟಿಸಿತು.

ಈ ಎರಡೂ ಪ್ರಕರಣಗಳಲ್ಲಿ ಪ್ರಾಮಾಣಿಕ ಪ್ರವಾಸಿಗನ ತಪ್ಪೇನೂ ಇಲ್ಲ. ಆದರೂ ಬೆಲೆ ತೆತ್ತವನು ಅವನೇ. 'ಡಂಕಿ' ದಾರಿ ಹಿಡಿಯುವವರು ಆರಿಸಿಕೊಳ್ಳುವುದೂ ಸುಲಭ ವೀಸಾದ, ಜನ ಕಡಿಮೆ ಹೋಗುವ ದೇಶಗಳನ್ನೇ. ಹಾಗಾಗಿ ಅಂಥ ದೇಶದ ಇಮಿಗ್ರೇಷನ್ ಕೌಂಟರ್‌ನಲ್ಲಿ ಕೂತ ಅಧಿಕಾರಿಗೆ ಬ್ಯಾಗ್ ಹಾಕಿಕೊಂಡು ಒಬ್ಬನೇ ಬಂದ ಇಪ್ಪತ್ತೈದರ ಭಾರತೀಯ ಹುಡುಗ ಕಂಡರೆ ಮೊದಲು ಅನುಮಾನ ಮೂಡುತ್ತದೆ. ನನ್ನ ವಯಸ್ಸಿನವರು, ಅದರಲ್ಲೂ ಸೋಲೋ ಟ್ರಿಪ್ ಎಂದು ಹೊರಡುವವರು, ಇದನ್ನು ಅವಮಾನ ಎಂದುಕೊಳ್ಳುವುದಕ್ಕಿಂತ ಮೊದಲೇ ತಯಾರಾಗಿ ಹೋಗುವುದು ಒಳ್ಳೆಯದು. 2025ರ ಸೆಪ್ಟೆಂಬರ್‌ನಲ್ಲಿ ಅರ್ಮೇನಿಯಾದಿಂದ ಜಾರ್ಜಿಯಾಕ್ಕೆ ದಾಟುವ ಸದಾಖ್ಲೋ ಗಡಿಯಲ್ಲಿ ದಾಖಲೆ ಸರಿಯಿದ್ದರೂ 56 ಭಾರತೀಯರನ್ನು ಗಂಟೆಗಟ್ಟಲೆ ಚಳಿಯಲ್ಲಿ ನಿಲ್ಲಿಸಿ ಕೆಟ್ಟದಾಗಿ ನಡೆಸಿಕೊಂಡರು ಎಂದು ಪ್ರವಾಸಿಯೊಬ್ಬರು ಮಾಡಿದ ಆರೋಪ ದೇಶದಾದ್ಯಂತ ಚರ್ಚೆಯಾಯಿತು.

ಜಾರ್ಜಿಯಾ 2026ರ ಜನವರಿ 1ರಿಂದ ಎಲ್ಲ ಪ್ರವಾಸಿಗರಿಗೂ ಆರೋಗ್ಯ ಮತ್ತು ಅಪಘಾತ ವಿಮೆ ಕಡ್ಡಾಯ ಮಾಡಿದೆ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ವಿಮೆ, ಕೈಯಲ್ಲಿ ಸ್ವಲ್ಪ ಡಾಲರ್, ನೌಕರಿಯ ಪತ್ರ, ಎಲ್ಲದರ ಪ್ರಿಂಟ್ ಇರಲಿ. ಮೊಬೈಲ್‌ನಲ್ಲಿದೆ ಎಂದರೆ ಗಡಿಯಲ್ಲಿ ನೆಟ್‌ವರ್ಕ್ ಸಿಗದಿರಬಹುದು. ವೀಸಾ ನಿಯಮವನ್ನು ವಿಡಿಯೋ ನೋಡಿ ನಂಬದೆ ಆ ದೇಶದ ರಾಯಭಾರ ಕಚೇರಿಯ ತಾಣದಲ್ಲೇ, ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಬೇಕು.

ಬಹಿಷ್ಕಾರದ ಗಣಿತ

ಮತ್ತೆ ಟರ್ಕಿ-ಅಜರ್‌ಬೈಜಾನ್ ಕಡೆಗೆ ಬರೋಣ. ಬಹಿಷ್ಕಾರ ಕೆಲಸ ಮಾಡಿತೇ? ಮಾಡಿತು, ಆದರೆ ಎರಡೂ ಕಡೆ ಒಂದೇ ರೀತಿ ಅಲ್ಲ. 2025ರ ಮೇಯಿಂದ ಆಗಸ್ಟ್‌ವರೆಗಿನ ನಾಲ್ಕು ತಿಂಗಳಲ್ಲಿ ಅಜರ್‌ಬೈಜಾನ್‌ಗೆ ಹೋದ ಭಾರತೀಯರು ಸುಮಾರು 44 ಸಾವಿರ. ಹಿಂದಿನ ವರ್ಷ ಇದೇ ಅವಧಿಯಲ್ಲಿ ಹೋದವರು ಹತ್ತಿರ ಹತ್ತಿರ ಒಂದು ಲಕ್ಷ. ಅರ್ಧಕ್ಕಿಂತ ಹೆಚ್ಚು ಕುಸಿತ. ಟರ್ಕಿಯಲ್ಲಿ ಇದೇ ಅವಧಿಯ ಸಂಖ್ಯೆ 1.36 ಲಕ್ಷದಿಂದ ಸುಮಾರು 90 ಸಾವಿರಕ್ಕೆ ಇಳಿಯಿತು, ಅಂದರೆ ಮೂರನೇ ಒಂದು ಭಾಗ.

ಪೆಟ್ಟು ಯಾರಿಗೆ ಬಿತ್ತು ಎಂಬುದನ್ನು ನೋಡಲು ಒಟ್ಟು ಲೆಕ್ಕ ಬೇಕು. 2024ರಲ್ಲಿ ಟರ್ಕಿಗೆ ಬಂದ ವಿದೇಶಿಯರು ಐದು ಕೋಟಿಗೂ ಮೇಲೆ. ಅದರಲ್ಲಿ ನಮ್ಮವರು 3.3 ಲಕ್ಷ, ನೂರಕ್ಕೆ ಒಬ್ಬರೂ ಅಲ್ಲ. ಅಜರ್‌ಬೈಜಾನ್‌ಗೆ ಬಂದವರು ಸುಮಾರು 26 ಲಕ್ಷ, ಅದರಲ್ಲಿ ನಮ್ಮವರು ನೂರಕ್ಕೆ ಒಂಬತ್ತು. ಟರ್ಕಿಗೆ ನಮ್ಮ ಸಿಟ್ಟು ಸೊಳ್ಳೆ ಕಡಿತ. ಬಾಕುವಿನ ಹೋಟೆಲ್‌ನವನಿಗೆ, ಟ್ಯಾಕ್ಸಿಯವನಿಗೆ ಅದು ನಿಜವಾದ ನಷ್ಟ. ಸಣ್ಣ ತಾಣ ನಮ್ಮ ಮೇಲೆ ಹೆಚ್ಚು ಅವಲಂಬಿತವಾಗಿರುತ್ತದೆ, ಹಾಗಾಗಿ ನಮ್ಮ ಮಾತಿಗೆ ಅಲ್ಲಿ ಹೆಚ್ಚು ತೂಕ.

ಹಾಗೆಂದು ಮಾಲ್ಡೀವ್ಸ್ ನೋಡಿದರೆ ಈ ಗಣಿತವೂ ಪೂರ್ತಿ ಸರಿಹೊಂದುವುದಿಲ್ಲ. 2023ರಲ್ಲಿ ಅಲ್ಲಿಗೆ ಹೋದವರಲ್ಲಿ ಭಾರತೀಯರದ್ದೇ ಮೊದಲ ಸ್ಥಾನ, 2.09 ಲಕ್ಷ ಜನ, ನೂರಕ್ಕೆ ಹನ್ನೊಂದು. 2024ರ ಜನವರಿಯಲ್ಲಿ ಪ್ರಧಾನಿ ಮೋದಿಯವರ ಲಕ್ಷದ್ವೀಪ ಭೇಟಿಯ ನಂತರ ಅಲ್ಲಿನ ಉಪ ಸಚಿವರು ಆಡಿದ ಮಾತಿನಿಂದ ವಿವಾದ ಎದ್ದು, ಆ ವರ್ಷ ಭಾರತೀಯರ ಸಂಖ್ಯೆ ಸುಮಾರು 1.3 ಲಕ್ಷಕ್ಕೆ ಇಳಿಯಿತು. ಆದರೆ ಮಾಲ್ಡೀವ್ಸ್‌ಗೆ ಬಂದವರ ಒಟ್ಟು ಸಂಖ್ಯೆ ಆ ವರ್ಷ ಇಪ್ಪತ್ತು ಲಕ್ಷ ದಾಟಿ ಏರಿತು. ಚೀನಾದವರು ಮೊದಲ ಸ್ಥಾನಕ್ಕೆ ಬಂದರು. 2025ರ ಜುಲೈನಲ್ಲಿ ಮೋದಿಯವರೇ ಆ ದೇಶದ ಸ್ವಾತಂತ್ರ್ಯದ 60ನೇ ವರ್ಷದ ಸಮಾರಂಭಕ್ಕೆ ಅತಿಥಿಯಾಗಿ ಹೋದರು. ಸರ್ಕಾರಗಳ ಮುನಿಸು ಹದಿನೆಂಟು ತಿಂಗಳಲ್ಲಿ ತಿಳಿಯಾಯಿತು. ಹನಿಮೂನ್ ಬುಕಿಂಗ್ ರದ್ದು ಮಾಡಿ ಮುಂಗಡ ಕಳೆದುಕೊಂಡವರಿಗೆ ಹಣ ಕೊಟ್ಟವರು ಯಾರೂ ಇಲ್ಲ.

ಪ್ರವಾಸ ಎಲ್ಲಿಗೆ ಎಂಬುದರಲ್ಲಿ ದೇಶದ ಪ್ರಶ್ನೆ ಬರಬಾರದು ಎಂದು ನಾನು ಹೇಳುತ್ತಿಲ್ಲ. ನನ್ನ ಹಣ ಎಲ್ಲಿ ಖರ್ಚಾಗಬೇಕು ಎಂದು ನಿರ್ಧರಿಸುವ ಹಕ್ಕು ನನ್ನದು. ಆದರೆ ಆ ಪ್ರಶ್ನೆಯನ್ನು ಬುಕಿಂಗ್‌ಗೆ ಮೊದಲು ಕೇಳಿಕೊಳ್ಳುವುದು ಒಳ್ಳೆಯದು, ಆಮೇಲಲ್ಲ. ಒಂದು ದೇಶ ಯಾರ ಮಿತ್ರ, ಯಾರ ಜೊತೆ ಗಡಿ ತಂಟೆ ಇದೆ, ನಮ್ಮ ಜೊತೆ ವ್ಯವಹಾರ ಹೇಗಿದೆ ಎಂಬುದು ಹತ್ತು ನಿಮಿಷದ ಓದು. ಉದಾಹರಣೆಗೆ ಅರ್ಮೇನಿಯಾ ಭಾರತದಿಂದ ಪಿನಾಕ ರಾಕೆಟ್, ಆಕಾಶ್ ಕ್ಷಿಪಣಿ ವ್ಯವಸ್ಥೆ ಕೊಂಡ ದೇಶ. ಆಕಾಶ್ ಕ್ಷಿಪಣಿ ತಯಾರಾಗುವುದು ಹೈದರಾಬಾದ್‌ನ ಭಾರತ್ ಡೈನಾಮಿಕ್ಸ್‌ನಲ್ಲಿ. 2025ರ ಜೂನ್‌ನಲ್ಲಿ ಇರಾನ್ ಮೇಲೆ ಇಸ್ರೇಲ್ ದಾಳಿ ಮಾಡಿದಾಗ ಅಲ್ಲಿದ್ದ 110 ಭಾರತೀಯ ವಿದ್ಯಾರ್ಥಿಗಳ ಮೊದಲ ತಂಡ ಮನೆ ಸೇರಿದ್ದು ಅರ್ಮೇನಿಯಾದ ರಾಜಧಾನಿ ಯೆರೆವಾನ್ ಮೂಲಕವೇ. ಅದೇ ಅರ್ಮೇನಿಯಾಕ್ಕೂ ಅಜರ್‌ಬೈಜಾನ್‌ಗೂ ನಡುವಿನ ಗಡಿ ಮುಚ್ಚಿದೆ. 'ಬಾಕು-ಟಿಬಿಲಿಸಿ-ಯೆರೆವಾನ್ ಒಂದೇ ಟ್ರಿಪ್' ಎಂದು ಮಾರುವವರನ್ನು ಒಂದೂರಿಂದ ಇನ್ನೊಂದೂರಿಗೆ ಹೇಗೆ ಕರೆದೊಯ್ಯುತ್ತೀರಿ ಎಂದು ಕೇಳಿ.

ನಿಜಕ್ಕೂ ಹೋಗಬೇಕಾದ ಕಾರಣ

ಇಷ್ಟೆಲ್ಲ ಹೇಳಿದ ಮೇಲೆ ಮನೆಯಲ್ಲೇ ಇರಿ ಎನ್ನುತ್ತಿದ್ದೀರಾ ಎಂದು ಕೇಳಬೇಡಿ. ಈ ದೇಶಗಳಿಗೆ ಹೋಗಲು ಅಗ್ಗದ ಬೆಲೆಗಿಂತ ಒಳ್ಳೆಯ ಕಾರಣಗಳಿವೆ.

ಬೀದರಿನ ಮಹಮೂದ್ ಗವಾನನ ಮದರಸಾ ನೋಡಿದವರಿಗೆ ಅದರ ಉಳಿದಿರುವ ಒಂದೇ ಮಿನಾರು, ಗೋಡೆಯ ಮೇಲೆ ಅಲ್ಲಲ್ಲಿ ಅಂಟಿಕೊಂಡಿರುವ ನೀಲಿ-ಹಸಿರು ಹೆಂಚುಗಳು ನೆನಪಿರುತ್ತವೆ. 1472ರಲ್ಲಿ ಕಟ್ಟಿದ ಆ ವಿದ್ಯಾಲಯದ ಅರ್ಧ ಭಾಗ ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಸ್ಫೋಟಗೊಂಡು ಹಾಳಾಯಿತು. ಅದು ಇಡಿಯಾಗಿದ್ದಾಗ ಹೇಗಿದ್ದಿರಬಹುದು ಎಂಬ ಕುತೂಹಲ ಇದ್ದವರು ಸಮರ್ಕಂದದ ರೆಜಿಸ್ತಾನ್ ಚೌಕಕ್ಕೆ ಹೋಗಬೇಕು. ಅಲ್ಲಿನ ಉಲುಗ್ ಬೇಗ್ ಮದರಸಾ 1420ರ ಹೊತ್ತಿಗೆ ಮುಗಿದದ್ದು, ಗವಾನನದಕ್ಕಿಂತ ಅರ್ಧ ಶತಮಾನ ಹಿರಿಯದು. ಬೀದರಿನ ಕಟ್ಟಡ ಅದೇ ಮಧ್ಯ ಏಷ್ಯಾ ಮಾದರಿಯದ್ದು. ನಮ್ಮ ಊರಿನ ಪಾಳು ಗೋಡೆಯ ಬಣ್ಣ ಅಲ್ಲಿ ಆಳೆತ್ತರಕ್ಕೆ, ಒಂದು ಹೆಂಚೂ ಕಳಚದಂತೆ ನಿಂತಿರುವುದನ್ನು ನೋಡುವುದು ಪ್ಯಾರಿಸ್‌ನ ಗೋಪುರದ ಮುಂದೆ ಸೆಲ್ಫಿ ತೆಗೆದಂತಲ್ಲ. ತಾಷ್ಕೆಂಟ್‌ನಿಂದ ಅಫ್ರೋಸಿಯೋಬ್ ಎಂಬ ವೇಗದ ರೈಲು ಎರಡು ಗಂಟೆ ಚಿಲ್ಲರೆಯಲ್ಲಿ ಸಮರ್ಕಂದಕ್ಕೆ ತಲುಪಿಸುತ್ತದೆ. ತಾಷ್ಕೆಂಟ್ ಎಂದೊಡನೆ ನಮ್ಮ ಅಜ್ಜಂದಿರಿಗೆ ನೆನಪಾಗುವುದು 1966ರ ಜನವರಿ 11. ಪಾಕಿಸ್ತಾನದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಮರುದಿನ ನಸುಕಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ತೀರಿಕೊಂಡದ್ದು ಅಲ್ಲೇ. ಅವರ ಹೆಸರಿನ ರಸ್ತೆ, ಶಾಲೆ ಆ ಊರಿನಲ್ಲಿವೆ.

ಚೆನ್ನೈ ಕನ್ನಡಿಗರಿಗಂತೂ ಅರ್ಮೇನಿಯಾ ಮನೆ ಬಾಗಿಲಲ್ಲೇ ಇದೆ. ಪ್ಯಾರಿಸ್ ಕಾರ್ನರ್ ಹತ್ತಿರದ ಅರ್ಮೇನಿಯನ್ ಸ್ಟ್ರೀಟ್‌ನಲ್ಲಿ ನಿತ್ಯ ಓಡಾಡುವವರಲ್ಲಿ ಎಷ್ಟು ಜನ ಒಳಗಿನ ಹಳೇ ಚರ್ಚ್ ನೋಡಿದ್ದಾರೆ? ಜಗತ್ತಿನ ಮೊತ್ತಮೊದಲ ಅರ್ಮೇನಿಯನ್ ಭಾಷೆಯ ಪತ್ರಿಕೆ 'ಅಜ್ದರಾರ್' 1794ರಲ್ಲಿ ಅಚ್ಚಾದದ್ದು ಯೆರೆವಾನ್‌ನಲ್ಲಲ್ಲ, ಮದ್ರಾಸಿನಲ್ಲಿ. ಇಂಥ ಒಂದು ಎಳೆ ಕೈಯಲ್ಲಿದ್ದರೆ ಪ್ರವಾಸಕ್ಕೆ ಬೇರೆಯೇ ಅರ್ಥ ಬರುತ್ತದೆ.

ಊಟದ ಚಿಂತೆ? ಜಾರ್ಜಿಯಾ ಸಸ್ಯಾಹಾರಿಗಳಿಗೆ ನಾವು ಅಂದುಕೊಂಡಷ್ಟು ಕಷ್ಟವಲ್ಲ. ಬೇಯಿಸಿದ ಹುರುಳಿಕಾಯಿ ಬೀಜದ ಹೂರಣ ತುಂಬಿದ ಲೋಬಿಯಾನಿ ರೊಟ್ಟಿ, ಚೀಸ್ ತುಂಬಿದ ಖಚಾಪುರಿ, ಅಕ್ರೋಟ್ ಅರೆದು ಹಚ್ಚಿದ ಬದನೆಕಾಯಿ ಎಲ್ಲೆಡೆ ಸಿಗುತ್ತವೆ. ಅರ್ಮೇನಿಯಾದಲ್ಲಿ ಹತ್ತಾರು ಬಗೆಯ ಸೊಪ್ಪು ಹೆಚ್ಚಿ ತುಂಬಿದ ಒಂದು ರೊಟ್ಟಿಯಿದೆ, ಸೊಪ್ಪಿನ ರೊಟ್ಟಿ ತಿಂದು ಬೆಳೆದವರಿಗೆ ಹಿಡಿಸೀತು. ಉಜ್ಬೇಕಿಸ್ತಾನ, ಕಜಕಸ್ತಾನದಲ್ಲಿ ಮಾತ್ರ ಮಾಂಸ ಇಲ್ಲದ ಬಿಸಿ ಊಟ ಹುಡುಕಬೇಕು. ರೊಟ್ಟಿ, ಹಣ್ಣು, ಕುಂಬಳಕಾಯಿ ಸಮ್ಸಾದಲ್ಲಿ ದಿನ ತಳ್ಳಬಹುದು, ವಾರ ಕಷ್ಟ. ಆ ದೇಶಗಳಲ್ಲಿ ಎಂಬಿಬಿಎಸ್ ಓದುವ ನಮ್ಮ ಹುಡುಗರು ಇರುವ ಊರುಗಳಲ್ಲಿ ಭಾರತೀಯ ಮೆಸ್‌ಗಳು ಹುಟ್ಟಿಕೊಂಡಿವೆ. ಇಂಗ್ಲಿಷ್ ನಡೆಯುವುದು ಕಡಿಮೆ, ಅನುವಾದದ ಆ್ಯಪ್ ಇಟ್ಟುಕೊಳ್ಳಿ. ಟ್ಯಾಕ್ಸಿಗೆ ಯಾಂಡೆಕ್ಸ್ ಗೋ ಆ್ಯಪ್ ಇದ್ದರೆ ಚೌಕಾಸಿಯ ಕಾಟ ತಪ್ಪುತ್ತದೆ. ಒಂದು ಡಾಲರ್‌ಗೆ ಹನ್ನೆರಡು ಸಾವಿರದ ಆಸುಪಾಸು ಉಜ್ಬೇಕ್ ಸೋಮ್ ಸಿಗುವುದರಿಂದ ಜೇಬು ತುಂಬಿದಂತೆ ಅನಿಸುತ್ತದೆ, ಎಣಿಸುವಾಗ ಸೊನ್ನೆ ತಪ್ಪಬಾರದು ಅಷ್ಟೇ.

ಅಪ್ಪ-ಅಮ್ಮನ ಮೊದಲ ಟ್ರಿಪ್ ಆದರೆ

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಹಳೇ ಕಾಲದ್ದು ಎನಿಸಬಹುದು. ಅರವತ್ತು ದಾಟಿದ ತಂದೆ-ತಾಯಿಯ ಮೊದಲ ವಿದೇಶ ಪ್ರವಾಸಕ್ಕೆ ಯಾರೂ ಹೋಗದ ದೇಶ ಬೇಡ. ಜನಪ್ರಿಯತೆಗೂ ಒಂದು ಬೆಲೆಯಿದೆ. ಸಿಂಗಪುರದಲ್ಲೋ ಕ್ವಾಲಾಲಂಪುರದಲ್ಲೋ ಅಪ್ಪನಿಗೆ ಎದೆ ನೋವು ಬಂದರೆ ಭಾಷೆ ಬಲ್ಲ ಡಾಕ್ಟರ್, ಮರುದಿನ ಬೆಳಿಗ್ಗೆಯೇ ಊರಿಗೆ ವಿಮಾನ, ದೊಡ್ಡ ಭಾರತೀಯ ಸಮುದಾಯ, ದೊಡ್ಡ ರಾಯಭಾರ ಕಚೇರಿ ಎಲ್ಲವೂ ಇವೆ. ಕಾಕಸಸ್ ಬೆಟ್ಟದ ಹಳ್ಳಿಯಲ್ಲಿ ಇವು ಯಾವುವೂ ಇಲ್ಲ. 2024ರ ಮೇನಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಮೇಲೆ ಗುಂಪು ದಾಳಿ ನಡೆದಾಗ ಭಾರತೀಯ ವಿದ್ಯಾರ್ಥಿಗಳಿಗೆ ಹೊರಗೆ ಬರಬೇಡಿ ಎಂದು ರಾಯಭಾರ ಕಚೇರಿ ಹೇಳಬೇಕಾಯಿತು. ಹಾಸ್ಟೆಲ್‌ನಲ್ಲಿ ನಾಲ್ಕು ದಿನ ಕೂರುವುದು ಇಪ್ಪತ್ತರ ಹುಡುಗರಿಗೇ ಕಷ್ಟ. ಬಿಪಿ ಮಾತ್ರೆ ಲೆಕ್ಕ ಹಾಕಿ ತಂದ ಹಿರಿಯರಿಗೆ ಹೇಗೆ?

ಅವರಿಗೆ ವಿಯೆಟ್ನಾಂ, ಮಲೇಷ್ಯಾ ಸಾಕು. 2019ರಲ್ಲಿ 1.69 ಲಕ್ಷ ಭಾರತೀಯರು ಹೋಗಿದ್ದ ವಿಯೆಟ್ನಾಂಗೆ 2024ರಲ್ಲಿ ಐದು ಲಕ್ಷ ಜನ ಹೋದರು. ಅದು ಇನ್ನು ಅಪರಿಚಿತ ದೇಶವಲ್ಲ. ಅದೇ ಅದರ ಅನುಕೂಲ. ಭೂತಾನ್ ಕೂಡ ಒಳ್ಳೆಯದು, ವೋಟರ್ ಐಡಿ ಇದ್ದರೂ ನಡೆಯುತ್ತದೆ. ಆದರೆ 2022ರ ಸೆಪ್ಟೆಂಬರ್‌ನಿಂದ ಭಾರತೀಯರೂ ತಲೆಗೆ, ರಾತ್ರಿಗೆ 1,200 ರೂಪಾಯಿ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಇಬ್ಬರು ಐದು ರಾತ್ರಿ ಉಳಿದರೆ ಹೋಟೆಲ್ ಬಿಟ್ಟು 12 ಸಾವಿರ. ಜನ ಕಡಿಮೆ ಬರಲಿ ಎಂದೇ ಮಾಡಿದ ವ್ಯವಸ್ಥೆ ಅದು, ಅಲ್ಲಿನ ಪ್ರಶಾಂತತೆಯ ಬೆಲೆಯೂ ಹೌದು.

ಹಣದ ಮಾತು ಬಂದಾಗ ಒಂದು ಹೊಸ ಬದಲಾವಣೆ. ಇದುವರೆಗೆ ವಿದೇಶ ಪ್ರವಾಸ ಪ್ಯಾಕೇಜ್ ಕೊಂಡರೆ 10 ಲಕ್ಷದವರೆಗೆ ಶೇ.5, ಅದಕ್ಕೆ ಮೇಲ್ಪಟ್ಟರೆ ಶೇ.20 ಟಿಸಿಎಸ್ ಕಡಿತವಾಗುತ್ತಿತ್ತು. 2026ರ ಫೆಬ್ರುವರಿ ಬಜೆಟ್‌ನಲ್ಲಿ ಮಿತಿಯ ಗೊಡವೆಯಿಲ್ಲದೆ ಇದನ್ನು ಶೇ.2ಕ್ಕೆ ಇಳಿಸುವುದಾಗಿ ಪ್ರಕಟಿಸಲಾಗಿದೆ. ನಾಲ್ಕು ಲಕ್ಷದ ಪ್ಯಾಕೇಜ್‌ಗೆ 20 ಸಾವಿರದ ಬದಲು 8 ಸಾವಿರ ಕಟ್ಟಿದರೆ ಆಯಿತು. ಈ ಹಣ ರಿಟರ್ನ್ಸ್ ಸಲ್ಲಿಸುವಾಗ ಹೊಂದಾಣಿಕೆಯಾಗುವುದೇ ಆದರೂ, ರಜೆಗೆ ಮೊದಲು ಜೇಬಿನಲ್ಲಿ ಉಳಿಯುವ 12 ಸಾವಿರ ಸಣ್ಣದಲ್ಲ. ಸರ್ಕಾರ ಯಾಕೆ ಸಡಿಲಿಸಿತು ಎಂಬುದಕ್ಕೆ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ. 2024-25ರಲ್ಲಿ ಭಾರತೀಯರು ಎಲ್‌ಆರ್‌ಎಸ್ ಅಡಿ ಹೊರಗೆ ಕಳಿಸಿದ ಸುಮಾರು 2,956 ಕೋಟಿ ಡಾಲರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು, ಹತ್ತಿರ 1,700 ಕೋಟಿ ಡಾಲರ್, ಪ್ರವಾಸದ ಬಾಬ್ತು. ತೆರಿಗೆ ಹೆಚ್ಚಿದ್ದಾಗಲೂ ಜನ ಹೋಗುವುದನ್ನು ಬಿಟ್ಟಿರಲಿಲ್ಲ.

ಮುಂದಿನ 'ಯಾರೂ ಹೋಗದ ದೇಶ' ಯಾವುದು ಎಂದು ಕೇಳಿದರೆ ನಾನು ಫಿಲಿಪೀನ್ಸ್ ಎನ್ನುತ್ತೇನೆ. ಭವಿಷ್ಯ ಹೇಳುವ ವಿದ್ಯೆ ಏನೂ ಬೇಕಿಲ್ಲ. 2025ರ ಜೂನ್‌ನಲ್ಲಿ ಅದು ಭಾರತೀಯರಿಗೆ 14 ದಿನ ವೀಸಾ ವಿನಾಯಿತಿ ಕೊಟ್ಟಿತು. ಅಕ್ಟೋಬರ್ 1ರಿಂದ ಏರ್ ಇಂಡಿಯಾ ದೆಹಲಿಯಿಂದ ಮನಿಲಾಗೆ ನೇರ ಹಾರುತ್ತಿದೆ. ಈ ದಾರಿಗೆ ಪಾಕಿಸ್ತಾನದ ಆಕಾಶ ಬೇಕಿಲ್ಲ, ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ಮಳೆಗಾಲದ ಚಂಡಮಾರುತದ ತಿಂಗಳುಗಳನ್ನು ತಪ್ಪಿಸಿ ಹೋಗಬೇಕು. ಎರಡು ವರ್ಷದೊಳಗೆ ಹೋದರೆ ಬೊರಾಕೆಯ ಬಿಳಿ ಮರಳಿನ ಮೇಲೆ ಹಿಂದಿನಿಂದ 'ಏನ್ರೀ, ನೀವು ಎಲ್ಲಿಯವರು' ಎಂಬ ದನಿ ಇನ್ನೂ ಕೇಳಿಸಲಿಕ್ಕಿಲ್ಲ.